ಹುರಿದು ತಿಂದ ಯಾತ್ರಿಕರು

ನನ್ನ ಗೂಡ್ಸ್ ಆಟೋದಲ್ಲಿ, ಬೇರೆಯವರು ದೇವರ ಫೋಟೋ ಅಂಟಿಸುವ ಜಾಗದಲ್ಲಿ, ಒಂದು ಹುಣಸೆಬೀಜ ಇದೆ. ಒಂದು ಮಗ್ಗುಲು ಕಂದು, ಇನ್ನೊಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ್ದು. ಗಾಡಿ ಹಂಪು ಹಾರಿದರೂ ಬೀಳದ ಹಾಗೆ ಗೋಂದು ಹಾಕಿ ಕೂರಿಸಿದ್ದೇನೆ. ಪಕ್ಕದಲ್ಲಿ ಕೂತವರು ಸುಮ್ಮನಿರುತ್ತಾರೆಯೇ?

"ಏನ್ಲಾ ನಿಂಗ, ಚೌಕಾಬಾರ ಆಡ್ಕಂಡು ಗಾಡಿ ಓಡುಸ್ತೀಯಾ?"

"ಊಂ ಕಣಣ್ಣ, ಗರ ಬಿದ್ದಂಗೆ ಗೇರ್ ಆಕ್ತೀನಿ" ಅನ್ನುತ್ತೇನೆ. ಅವರು ನಗುತ್ತಾರೆ. ಮಾತು ಬೆಲ್ಲದ ರೇಟಿಗೆ ತಿರುಗುತ್ತದೆ. ನಾನು ಬದುಕಿಕೊಳ್ಳುತ್ತೇನೆ.

ಆ ಬೀಜ ಒಬ್ಬ ಮನುಷ್ಯ. ಹಾಗೆಂದು ಯಾರಿಗೆ ಹೇಳುವುದು? ಹೇಳಿದರೆ ಅವನ ಜೊತೆಗಾರರೆಲ್ಲ ಎಲ್ಲಿ ಅಂತ ಕೇಳುತ್ತಾರೆ. ಅವರನ್ನೆಲ್ಲ ನಾನು ಹುರಿದು ತಿಂದೆ ಅಂತ ಹೇಳಬೇಕಾಗುತ್ತದೆ.

ನಾನು ಓದಿದ್ದು ಏಳನೇ ಕ್ಲಾಸು. ಅದೂ ಪೂರ್ತಿ ಅಲ್ಲ. ಅರ್ಧ ವರ್ಷದ ಪರೀಕ್ಷೆಯಲ್ಲಿ ಲೆಕ್ಕ ನನ್ನನ್ನು ಕೆಡವಿತು, ಎದ್ದವನು ಸ್ಕೂಲಿನ ಕಡೆ ನೋಡದೆ ಟ್ರಾಕ್ಟರಿನ ಹಿಂದೆ ಹೋದೆ. ಹೀಗಾಗಿ ಬರೆಯುವುದರಲ್ಲಿ ದಾರಿ ತಪ್ಪಿದರೆ ಮನ್ನಿಸಬೇಕು. ನಮ್ಮೂರು ಇರುವುದು ಪಾಂಡವಪುರದಿಂದ ನಾಗಮಂಗಲಕ್ಕೆ ಹೋಗುವಾಗ ಬಲಕ್ಕೆ ತಿರುಗಿದರೆ. ಬಸ್ಸು ಒಳಗೆ ಬರುವುದಿಲ್ಲ. ಕೂಡುರಸ್ತೆಯಲ್ಲಿ ಇಳಿದು ನಡೆಯಬೇಕು. ಹಾಗಾಗಿ ನಮ್ಮೂರಿಗೆ ಬರುವವರೆಲ್ಲ ಒಂದು ಲೆಕ್ಕದಲ್ಲಿ ಯಾತ್ರಿಕರೇ ಅಂತ ನಮ್ಮಕ್ಕ ಹೇಳುತ್ತಿದ್ದಳು.

ಅಕ್ಕನ ಹೆಸರು ಜಯಮ್ಮ. ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಅವಳಿಗೆ ಓದಿನ ಹುಚ್ಚು. ಅದರಲ್ಲೂ ಹಳೆ ಕಾಲದಲ್ಲಿ ದೂರ ದೇಶಕ್ಕೆ ಹೋದವರ ಹುಚ್ಚು. ಹಡಗಿನಲ್ಲಿ ಹೋದವರು, ಒಂಟೆ ಮೇಲೆ ಹೋದವರು, ಪುಸ್ತಕ ಹುಡುಕಿಕೊಂಡು ಮರಳುಗಾಡು ದಾಟಿ ನಮ್ಮ ದೇಶಕ್ಕೆ ಬಂದ ಚೀನಾದ ಸನ್ಯಾಸಿ, ಹೀಗೆ. ಪಂಚಾಯಿತಿ ಲೈಬ್ರರಿಯಲ್ಲಿ ಇಂಥ ಪುಸ್ತಕ ಇದ್ದದ್ದು ಕೆಲವೇ. ಅವನ್ನೇ ತಿರುಗಿಸಿ ತಿರುಗಿಸಿ ಓದುತ್ತಿದ್ದಳು. ಒಬ್ಬಳೇ ಓದಿದರೆ ಅವಳಿಗೆ ಹತ್ತುತ್ತಿರಲಿಲ್ಲ. ಕೇಳಿಸಿಕೊಳ್ಳಲು ಒಬ್ಬ ಬೇಕು. ಮನೆಯಲ್ಲಿ ಕೆಲಸವಿಲ್ಲದವನು ನಾನೊಬ್ಬನೇ.

ಮನೆ ಹಿಂದೆ ಒಂದು ಹುಣಸೆಮರ ಇತ್ತು. ಹಣ್ಣು ಬಡಿದ ಮೇಲೆ ಅವ್ವ, ಅಕ್ಕ, ನಾನು ಪಡಸಾಲೆಯಲ್ಲಿ ಕೂತು ಕುಟ್ಟುತ್ತಿದ್ದೆವು. ಬೀಜ ಒಂದು ಕಡೆ, ನಾರು ಒಂದು ಕಡೆ. ಒಂದು ದಿನ ಅಕ್ಕ ಕುಟ್ಟುವುದು ಬಿಟ್ಟು, ಭೂಮಿಯನ್ನು ಸುತ್ತಿ ಬರಲು ಹಡಗು ಹೊರಡಿಸಿದವನ ಪಾಠ ಶುರುಮಾಡಿದಳು. ನನ್ನ ಗಮನ ಜಗಲಿ ಮೇಲಿನ ಕೋಳಿಯ ಕಡೆ. ತಲೆಗೆ ಒಂದು ಮೊಟಕಿ, ಬೀಜದ ರಾಶಿಯಿಂದ ಒಂದು ಹಿಡಿ ತೆಗೆದು ನೆಲದ ಮೇಲೆ ಸಾಲಾಗಿ ಇಟ್ಟಳು. "ಇವ್ರೆಲ್ಲಾ ಅಡಗಲ್ಲಿರೋರು. ಇವ್ನು ಯಜಮಾನ." ಯಜಮಾನನನ್ನು ಗುರುತು ಹಿಡಿಯಲು ಒಂದು ಬೀಜವನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದಳು. ಬೆಳ್ಳಗಾದ ಮೇಲೆ, ಬಿಸಿ ಆರುವ ಮೊದಲು, ನನ್ನ ತೋಳಿಗೆ ಇಟ್ಟು ಚುರುಕ್ಕೆನ್ನಿಸಿದಳು. ಕತೆ ಕೇಳುವವನು ಎಚ್ಚರವಾಗಿರಬೇಕಲ್ಲ.

ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ದೇಶಗಳನ್ನೂ ಬರೆದಳು. ಅವ್ವ ಬಂದು ನೋಡಿದಳು.

"ಅದೇನೇ ಅದು ಸೊಟ್ಟಸೊಟ್ಟಕೆ?"

"ಆಫ್ರಿಕಾ ಕಣವ್ವ."

"ಯಾವ್ದಾರಾ ಆಗ್ಲಿ, ಬಾಗ್ಲಿಗೆ ನಾಕ್ ಚುಕ್ಕಿ ಇಕ್ಕಿ ಎದ್ದೇಳು. ಸಗಣಿ ಕಲ್ಸಿ ಸಾರ್ಸಿರದು ನಾನು."

ಆಫ್ರಿಕಾದ ಮೇಲೆ ಕೋಳಿ ನಡೆದು ಹೋಯಿತು. ಹಡಗು ಮುಂದೆ ಹೋಯಿತು. ಯಾವುದೋ ದ್ವೀಪದಲ್ಲಿ ಯಜಮಾನ ಜಗಳದಲ್ಲಿ ಸತ್ತ. ಅವನ ಬೀಜ ಏನು ಮಾಡುವುದು ಅಂತ ಅಕ್ಕ ಯೋಚಿಸುತ್ತಿರುವಾಗ ನಾನು ಅದನ್ನು ಬಾಯಿಗೆ ಹಾಕಿಕೊಂಡೆ. "ತಿಂದ್ಬುಟ್ಯಾ ಮುಂಡೇದೇ!" ಅಂತ ಬೆನ್ನಿಗೆ ಗುದ್ದಿದಳು. ಆಮೇಲೆ ಅವಳಿಗೇ ನಗು ಬಂತು. ಹಸಿ ಬೀಜ ಹಲ್ಲಿಗೆ ಬಗ್ಗುವುದಿಲ್ಲವೆಂದು ಒಲೆಯ ಕೆಂಡದಲ್ಲಿ ಹುರಿದು ಕೊಟ್ಟಳು.

ಅವತ್ತಿನಿಂದ ಅದೇ ನಮ್ಮ ಕಟ್ಟಳೆ. ಪುಸ್ತಕದಲ್ಲಿ ಸತ್ತವರನ್ನು ಹುರಿದು ತಿನ್ನುವುದು. ಬದುಕಿ ಊರಿಗೆ ವಾಪಸು ಬಂದವರನ್ನು ಅವಳ ಎಲೆಯಡಿಕೆ ಚೀಲದಲ್ಲಿ ಹಾಕಿಡುವುದು. ಎಲೆಯಡಿಕೆ ಹಾಕುವ ವಯಸ್ಸಲ್ಲ ಅವಳದು. ಅಜ್ಜಿಯ ಚೀಲ ಅದು. ಹುರಿದ ಬೀಜದ ಸಿಪ್ಪೆ ಸುಲಿದು ದವಡೆಯಲ್ಲಿ ಇಟ್ಟುಕೊಂಡರೆ ಸ್ಕೂಲಿಗೆ ಹೋಗಿ ಬರುವವರೆಗೂ ರುಚಿ. ನಿಜ ಹೇಳಬೇಕೆಂದರೆ, ಒಬ್ಬರೂ ಸಾಯದ ಕತೆ ನನಗೆ ಹಿಡಿಸುತ್ತಿರಲಿಲ್ಲ. "ಅಕ್ಕ, ಇದ್ರಾಗೆ ಯಾರೂ ಸಾಯಾಕಿಲ್ವಾ?" ಅಂತ ಮೊದಲೇ ಕೇಳಿಬಿಡುತ್ತಿದ್ದೆ. 

ಇಷ್ಟೆಲ್ಲ ದೇಶ ತಿರುಗಿದ ಅಕ್ಕ ಕಂಡ ಊರುಗಳು ಕಡಿಮೆ. ಒಂದು ಸಲ ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಅವ್ವನ ಹರಕೆ ಇತ್ತು. ಪೂಜೆ ಮುಗಿಸಿ ಅವ್ವ ನದಿ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದರೆ, ಅಕ್ಕ ನನ್ನ ಕೈ ಹಿಡಿದು ಶ್ರೀರಂಗಪಟ್ಟಣದ ಕೋಟೆಯವರೆಗೂ ಬಿಸಿಲಲ್ಲಿ ನಡೆಸಿಕೊಂಡು ಹೋದಳು. ಕೋಟೆ ಬಿದ್ದ ಕಾಲದಲ್ಲಿ ಒಬ್ಬ ಪರಂಗಿ ಡಾಕ್ಟರು ಈ ಸೀಮೆಯಲ್ಲೆಲ್ಲ ತಿರುಗಿ, ಯಾವ ಊರಲ್ಲಿ ರಾಗಿ ಹೇಗೆ ಬಿತ್ತುತ್ತಾರೆ, ದನ ಹೇಗಿವೆ ಅಂತ ಬರೆದುಕೊಂಡನಂತೆ. ತೊಣ್ಣೂರು ಕೆರೆಗೂ ಬಂದಿದ್ದನಂತೆ.

"ಅಷ್ಟ್ ದೂರದಿಂದ ಬಂದು ನಮ್ ರಾಗಿ ನೋಡವ್ನೆ ಕಣ್ಲಾ. ನಾವು ರಾಗಿ ಉಂಡಿದ್ದೇ ಬಂತು, ಅವ್ನೂರ ನೋಡ್ನಿಲ್ಲ."

"ಅವ್ನಿಗೆ ಮುದ್ದೆ ನುಂಗಾಕೆ ಬತ್ತಿತ್ತಾ ಅಕ್ಕ?"

"ಅಗ್ದಿರ್ತಾನೆ ಬುಡು. ಅದ್ಕೇ ವಾಪ್ಸು ಓದ."

ಹಿಂತಿರುಗುವಷ್ಟರಲ್ಲಿ ಅವ್ವ ನಮಗಾಗಿ ಅಳುತ್ತಾ ಕೂತಿದ್ದಳು. ಇಬ್ಬರಿಗೂ ಏಟು ಬಿತ್ತು. ಅಕ್ಕನ ಮೊದಲ ಯಾತ್ರೆ ಅಲ್ಲಿಗೆ ಮುಗಿಯಿತು.

ಎರಡನೆಯದು ಮದುವೆ. ಕೆ.ಆರ್. ಪೇಟೆ ಕಡೆ, ಹೇಮಗಿರಿಯ ಹತ್ತಿರ ಕೊಟ್ಟರು. ನಾನು ಹಬ್ಬಕ್ಕೆ ಕರೆಯಲು ಹೋದಾಗ ಹೇಮಾವತಿ ದಂಡೆಗೆ ಕರೆದುಕೊಂಡು ಹೋಗಿ ಕೂರಿಸುತ್ತಿದ್ದಳು. ಈ ನೀರು ಕನ್ನಂಬಾಡಿ ಕಟ್ಟೆ ಸೇರಿ, ಅಲ್ಲಿಂದ ಶ್ರೀರಂಗಪಟ್ಟಣ ಸುತ್ತಿಕೊಂಡು ಸಮುದ್ರಕ್ಕೆ ಹೋಗುತ್ತದೆ ಅನ್ನುತ್ತಿದ್ದಳು. "ನಮ್ಗಿಂತ ಈ ನೀರೇ ಎಷ್ಟೋ ಊರ್ ಕಂಡದೆ." ಮಕ್ಕಳಾಗಲಿಲ್ಲ. ಭಾವ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ನಮ್ಮ ಮನೆಗೇ ಬಂದಳು. ಟ್ರಂಕಿನಲ್ಲಿ ಸೀರೆ ಮೇಲೆ, ಪುಸ್ತಕ ಕೆಳಗೆ. ನನ್ನ ಹೆಂಡತಿ ಸುಶೀಲ ಟ್ರಂಕು ಎತ್ತಲು ಹೋಗಿ, "ಏನತ್ತಿಗೆ, ಕಲ್ಲು ಗಿಲ್ಲು ತುಂಬ್ಕಂಡ್ ಬಂದ್ರಾ?" ಅಂದಳು.

ಸಕ್ಕರೆ ಕಾಯಿಲೆ ಅವಳ ಜೊತೆಗೇ ಬಂದಿತ್ತು. ಮೊದಲು ಕಣ್ಣು ಮಂಜಾಯಿತು. ಆಳು ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. ಆಮೇಲೆ ಮೂತ್ರಪಿಂಡ ಹೋಯಿತು. ಪಾಂಡವಪುರದ ಆಸ್ಪತ್ರೆಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್. ಬೆಳಗ್ಗೆ ಮಿಷನ್ನಿಗೆ ಹಾಕಿದರೆ ಊಟದ ಹೊತ್ತು ದಾಟಿಯೇ ಬಿಡುವುದು. ಅಷ್ಟು ಹೊತ್ತು ಸೂರು ನೋಡುತ್ತಾ ಮಲಗಬೇಕು.

"ನಿಂಗ, ಒಂದ್ ಪುಸ್ತಕ ಇಟ್ಕಂಡ್ ಬಾಲಾ. ಈಗ ನೀನ್ ಓದು, ನಾನ್ ಕೇಳ್ತೀನಿ" ಅಂದಳು ಒಂದು ದಿನ.

ಟ್ರಂಕಿನಿಂದ ಒಂದು ದಪ್ಪ ಪುಸ್ತಕ ತೆಗೆದೆ. ಭಾವ ಯಾವತ್ತೋ ಮೈಸೂರಿನ ಫುಟ್‌ಪಾತಿನಲ್ಲಿ ಕೊಂಡು ತಂದಿದ್ದಂತೆ. ಕಣ್ಣು ಚೆನ್ನಾಗಿದ್ದಾಗ ಅವಳಿಗೆ ಅದನ್ನು ಓದಲು ಆಗಿರಲಿಲ್ಲ. ಮೇಲಿನ ರಟ್ಟು ಹರಿದುಹೋಗಿತ್ತು, ಹೆಸರು ಗೊತ್ತಿಲ್ಲ. ದಕ್ಷಿಣ ಧ್ರುವದ ಕಡೆ ಹೋದ ಒಂದು ತಂಡದ ಕತೆ. ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು ಅಪ್ಪಚ್ಚಿಯಾಗುತ್ತದೆ. ಅದರಲ್ಲಿದ್ದವರೆಲ್ಲ ಮಂಜಿನ ಮೇಲೆಯೇ ಗುಡಾರ ಹಾಕಿಕೊಂಡು ದಿನ ತಳ್ಳುತ್ತಾರೆ.

ಅಕ್ಕ ಎಲೆಯಡಿಕೆ ಚೀಲದಿಂದ ಬೀಜಗಳನ್ನು ತೆಗೆಸಿ, ಹೊದ್ದಿದ್ದ ಬಿಳಿ ಹೊದಿಕೆಯ ಮೇಲೆ, ಹೊಟ್ಟೆಯ ಹತ್ತಿರ, ಬೊಗಸೆಯಷ್ಟು ಜನರನ್ನು ನಿಲ್ಲಿಸಿದಳು. ಯಜಮಾನ ಮುಂದೆ, ಹೊಸದಾಗಿ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದವನು. ಹೊದಿಕೆಯ ಮಡಿಕೆಗಳೇ ಮಂಜಿನ ದಿಬ್ಬ. ಅವಳು ಕೆಮ್ಮಿದರೆ ಇಡೀ ತಂಡ ಉರುಳಿ ಬೀಳುತ್ತಿತ್ತು.

ಪಕ್ಕದ ಮಂಚದಲ್ಲಿ ತೊಣ್ಣೂರು ಕಡೆಯ ನರಸೇಗೌಡರು ಇರುತ್ತಿದ್ದರು. ಎಪ್ಪತ್ತರ ಹತ್ತಿರದವರು, ಬಾಯಿ ಮಾತ್ರ ಇಪ್ಪತ್ತರದು.

"ಏನವ್ವ, ಉಣಸೇಬೀಜ ಅಲ್ಲೇ ಬಿತ್ತೀಯಾ? ಮಳೆ ಬಂದಿಲ್ವಲ್ಲ ಇನ್ನೂ?"

"ಇವ್ರು ಮಂಜಲ್ಲಿ ಸಿಕ್ಕಾಕಂಡವ್ರೆ ಕನಣ್ಣ. ಕೇಳಿ."

ಕೇಳಿದರು. ಕೇಳುತ್ತಾ ಕೇಳುತ್ತಾ ಅವರಿಗೂ ಹತ್ತಿತು. ನಾನು ಓದುವುದು ಅಂದರೆ ಹೇಗೆ ಗೊತ್ತೇ? ಒತ್ತಕ್ಷರ ಬಂದಲ್ಲೆಲ್ಲ ನಿಂತು, ಹಿಂದೆ ಸರಿದು, ಮತ್ತೆ ನುಗ್ಗುವುದು. ಗೌಡರು, "ಹಂಪ್ ಮೇಲೆ ಗಾಡಿ ಓಡ್ಸಂಗೆ ಓದೀಯಲ್ಲೋ, ನನ್ ಸೊಂಟ ಉಳ್ಕತು" ಅನ್ನುತ್ತಿದ್ದರು. ಆದರೂ ಬಿಡುತ್ತಿರಲಿಲ್ಲ. ಮಂಜಿನಲ್ಲಿದ್ದವರು ಮಂಜನ್ನೇ ಕರಗಿಸಿ ಕುಡಿದರು ಅಂತ ಓದಿದ ದಿನ ವಾರ್ಡಿನವರೆಲ್ಲ ತಮ್ಮ ತಮ್ಮ ಲೋಟದ ಕಡೆ ನೋಡಿದರು. ಈ ಕಾಯಿಲೆಯವರಿಗೆ ನೀರು ಅಳತೆ, ನಿಮಗೆ ಗೊತ್ತಿರಬಹುದು. ಕಡೆಗೆ ಗೌಡರೇ, "ಅವ್ರಿಗ್ ನೋಡವ್ವ, ಕಾಲ್ ಕೆಳಗೂ ನೀರೇ. ನಮ್ಗೆ ಲೋಟದಲ್ಲೂ ಗೆರೆ ಹಾಕವ್ರೆ" ಅಂದರು. ಅಕ್ಕ ನಗುತ್ತಾ ನಗುತ್ತಾ ಕೆಮ್ಮಿ ತಂಡವನ್ನೆಲ್ಲ ಕೆಡವಿದಳು. ಸಿಸ್ಟರು ಬಂದು ನೆಲದ ಮೇಲಿನ ಬೀಜ ಆರಿಸಿಕೊಟ್ಟರು.

ಹೊರಡುವ ಮುಂಚೆ, ನಿಲ್ಲಿಸಿದ ಪುಟಕ್ಕೆ ಒಂದು ಬಸ್ ಟಿಕೀಟು ಸಿಕ್ಕಿಸುತ್ತಿದ್ದೆ. ಅಕ್ಕ ಪುಸ್ತಕವನ್ನು ಕೈಗೆ ತೆಗೆದುಕೊಂಡು ಟಿಕೀಟಿನ ಆಚೆ ಎಷ್ಟು ದಪ್ಪ ಉಳಿದಿದೆ ಅಂತ ಬೆರಳಲ್ಲಿ ಅಳೆಯುತ್ತಿದ್ದಳು. "ಇನ್ನೂ ನಾಕ್ ಬೆರಳೈತೆ" ಅನ್ನುವಾಗ ಅವಳ ಮುಖ, ಕಣಜದಲ್ಲಿ ರಾಗಿ ಎಷ್ಟು ಉಳಿದಿದೆ ಅಂತ ಕೈಯಾಡಿಸಿ ನೋಡಿದವರ ಮುಖದಂತೆ ಇರುತ್ತಿತ್ತು.

ಈಗ ನನ್ನ ಮಾತು. ಬೆಲ್ಲದ ಕಾಲದಲ್ಲಿ ಬಾಡಿಗೆ ತಪ್ಪಿಸಿಕೊಂಡು ಬೆಳಗೆಲ್ಲ ಕೂರುವುದು, ಆ ಔಷಧಿಯ ವಾಸನೆ, ನನಗೆ ಬಾರದ ಓದು, ಇವು ಸೇರಿ ನನಗೆ ಸಾಕಾಗುತ್ತಿತ್ತು. ಹಾಗೆಂದು ಯಾರಿಗೂ ಹೇಳಿರಲಿಲ್ಲ. ಸುಶೀಲಳಿಗೂ ಹೇಳಿರಲಿಲ್ಲ. ಓದುವಾಗ ಒಂದೊಂದು ಪುಟ ಹಾರಿಸುತ್ತಿದ್ದೆ. ಮೊದಮೊದಲು ಒಂದು, ಆಮೇಲೆ ಎರಡು. ಗಾಳಿ, ಅಲೆ, ದಿಕ್ಕು ಅಂತ ಬರೆದಿದ್ದನ್ನೆಲ್ಲ ಹಾರಿಸಿದರೆ ಮನುಷ್ಯರಿಗೇನು ನಷ್ಟ ಅಂದುಕೊಂಡೆ.

ಒಂದು ದಿನ ನಮ್ಮ ದಾಯಾದಿಯ ಮಗಳ ಬೀಗರೂಟ ಇತ್ತು, ನಾಗಮಂಗಲದ ಕಡೆ. ನಮ್ಮ ಸೀಮೆಯ ಬೀಗರೂಟ ಗೊತ್ತಲ್ಲ? ಮದುವೆಯಲ್ಲಿ ಪಾಯಸ ಉಂಡವರು ಅಲ್ಲಿ ಬಾಡಿನ ಸಾರು, ಬೋಟಿ ಗೊಜ್ಜು ಉಣ್ಣುತ್ತಾರೆ. ಮೊದಲ ಪಂಕ್ತಿಯವರಿಗೆ ತುಂಡು, ಕಡೇ ಪಂಕ್ತಿಯವರಿಗೆ ಸಾರು. ಆ ಭಯ ನಮ್ಮ ಕಡೆ ಗಂಡಸರಿಗೆ ಸಾವಿನ ಭಯಕ್ಕಿಂತ ಹೆಚ್ಚು.

ಅವತ್ತು ಕತೆ ಇಲ್ಲಿಗೆ ಬಂದಿತ್ತು. ಅವರೆಲ್ಲ ದೋಣಿಗಳಲ್ಲಿ ಒಂದು ಬರಿ ಕಲ್ಲಿನ ದ್ವೀಪ ಸೇರಿದ್ದಾರೆ. ಅಲ್ಲಿಗೆ ಯಾವ ಹಡಗೂ ಬರುವುದಿಲ್ಲ. ಯಜಮಾನ ನಾಲ್ಕೈದು ಜನರನ್ನು ಕರೆದುಕೊಂಡು, ಒಂದು ಸಣ್ಣ ದೋಣಿಯಲ್ಲಿ ಸಹಾಯ ತರುತ್ತೇನೆ ಅಂತ ಸಮುದ್ರಕ್ಕೆ ಇಳಿಯುತ್ತಾನೆ. ಉಳಿದವರು ದೋಣಿ ಬೋರಲು ಹಾಕಿ ಅದರ ಕೆಳಗೆ ಮಲಗಿ ಕಾಯುತ್ತಾರೆ.

ಅಕ್ಕ ಬಿಳಿ ಮಗ್ಗುಲ ಬೀಜವನ್ನೂ ಇನ್ನು ಕೆಲವನ್ನೂ ಮೊಣಕಾಲಿನ ಕಡೆ ಸರಿಸಿದಳು. "ಊಂ, ಓದು. ತಲುಪ್ದ್ನಾ?"

ನಾನು ಗೋಡೆಯ ಗಡಿಯಾರ ನೋಡಿದೆ. ಈಗ ಹೊರಟರೆ ಮೊದಲ ಪಂಕ್ತಿ ಇಲ್ಲದಿದ್ದರೂ ಎರಡನೆಯದು ಸಿಗುತ್ತಿತ್ತು. ಪುಸ್ತಕ ನೋಡಿದೆ. ಇನ್ನೂ ಎಷ್ಟು ದಿನ ಇದು? ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ, ಓದುವವನ ದನಿಯಲ್ಲೇ ಹೇಳಿದೆ. "ಆ ದೋಣಿ ಅಲೆಗೆ ಸಿಕ್ಕಿ ಮುಳುಗಿತು. ದ್ವೀಪದಲ್ಲಿದ್ದವರು ಕಾದು ಕಾದು ಒಬ್ಬೊಬ್ಬರಾಗಿ ಸತ್ತರು. ಇಲ್ಲಿಗೆ ಮುಗಿಯಿತು."

ನನ್ನ ಓದು ಒಂದೂ ತೊಡರಿಲ್ಲದೆ ಹೋದದ್ದು ಆ ಮೂರು ಸಾಲು ಮಾತ್ರ.

ಅಕ್ಕ ಮೊಣಕಾಲಿನ ಕಡೆಯ ಬೀಜಗಳನ್ನು ಬೆರಳಲ್ಲಿ ತಡವಿದಳು. "ಮುಗೀತಾ?"

"ಮುಗೀತು ಕಣಕ್ಕ. ನಾನಿಂಗೆ ಬೀಗರೂಟಕ್ಕೆ ಓಗ್ಬುಟ್ಟು ಬಂದ್ಬುಡ್ತೀನಿ. ಸಿಸ್ಟರಿಗೆ ಹೇಳೀನಿ."

"ಓಗು. ಒಟ್ಟೆ ತುಂಬ ಉಣ್ಣು."

ಅಭ್ಯಾಸಬಲ ನೋಡಿ, ಹೊರಡುವ ಅವಸರದಲ್ಲೂ ಪುಟದ ನಡುವೆ ಟಿಕೀಟು ಸಿಕ್ಕಿಸಿ ಪುಸ್ತಕವನ್ನು ಅವಳ ಮಂಚದ ಮೇಲೇ ಬಿಟ್ಟು ಓಡಿದ್ದೆ. ಗೌಡರು ಗೋಡೆಯ ಕಡೆ ತಿರುಗಿ ಮಲಗಿದ್ದರು. ನಿದ್ದೆ ಅಂದುಕೊಂಡೆ.

ಎರಡನೇ ಪಂಕ್ತಿ ಸಿಕ್ಕಿತು. ತುಂಡೂ ಸಿಕ್ಕಿತು. ಮುದ್ದೆ ಬಿಸಿಯಾಗಿತ್ತು. ಪಕ್ಕದವನು ಹೇಳಿದ ಜೋಕಿಗೆ ನಕ್ಕು ನೆತ್ತಿಗೆ ಹತ್ತಿಸಿಕೊಂಡೆ. ಆಮೇಲೆ ಎಲೆಯಡಿಕೆ, ಮಾತು. ಹಿಂತಿರುಗಿದಾಗ ವಾರ್ಡಿನವರೆಲ್ಲ ಹೋಗಿದ್ದರು. ಅಕ್ಕ ಹೊರಗಿನ ಬೆಂಚಿನ ಮೇಲೆ ಒಬ್ಬಳೇ, ಚೀಲವನ್ನೂ ಪುಸ್ತಕವನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನ ಹೆಜ್ಜೆ ಗುರುತು ಹಿಡಿದು ಮುಖ ಎತ್ತಿದಳು.

"ಚೆಂದಾಗಿತ್ತಾ?"

"ಊಂ."

ಗಾಡಿಗೆ ಹತ್ತಿಸಿಕೊಂಡು ಕೂಡುರಸ್ತೆಗೆ ಬಂದೆ. ಬಲಕ್ಕೆ ತಿರುಗಿದಾಗ ಕೇಳಿದಳು.

"ಎಲ್ರೂವಾ?"

"ಏನು?"

"ಎಲ್ರೂ ಸತ್ರಾ ಅಂತ."

"ಊಂ ಕಣಕ್ಕ, ಎಲ್ರೂ."

"ಯಜ್ಮಾನ್ನೂವಾ?"

"ಅವ್ನೇ ಮೊದ್ಲು."

"ಅಂಗಾರೆ ಸರಿ" ಅಂದಳು.

ಸಂಜೆ ಒಲೆಯ ಮುಂದೆ ನನ್ನನ್ನು ಕರೆದು ಬೀಜಗಳನ್ನು ಕೊಟ್ಟಳು. "ಕಟ್ಟಳೆ ಕಟ್ಟಳೇನೆಯಾ. ಉರ್ಕೊ." ಹುರಿದೆ. ಅವಳ ಹಲ್ಲು ಆಗಲೇ ಅಲ್ಲಾಡುತ್ತಿದ್ದವು. ಹಾಗಾಗಿ ನಾನೊಬ್ಬನೇ ತಿಂದೆ. ಬಾಡೂಟ ಜೀರ್ಣವಾಗಿರಲಿಲ್ಲ, ಆದರೂ ಅವಳು ಕೂತು ಕೇಳಿಸಿಕೊಳ್ಳುತ್ತಿದ್ದರಿಂದ ಒಂದೂ ಬಿಡದೆ ಕಟಕಟ ಕಡಿದು ತಿಂದೆ. ಬಿಳಿ ಮಗ್ಗುಲದ್ದು ಅವುಗಳಲ್ಲಿ ಕಾಣಲಿಲ್ಲ. ಬೆಂಕಿಯಲ್ಲಿ ಕಪ್ಪಾಗಿ ಗೊತ್ತಾಗಿಲ್ಲ ಅಂದುಕೊಂಡೆ.

ಅವಳು ಬೇರೆ ಪುಸ್ತಕ ಕೇಳಲಿಲ್ಲ. ಅದಾದ ಮೇಲೆ ಸ್ವಲ್ಪ ದಿನ ಆಸ್ಪತ್ರೆಗೆ ಸುಮ್ಮನೆ ಬಂದು ಸುಮ್ಮನೆ ಮಲಗಿ ಎದ್ದಳು. ನಾನು ಅವಳನ್ನು ಬಿಟ್ಟು ಬಾಡಿಗೆಗೆ ಹೋಗಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಗಾಡಿ ಸ್ಟಾರ್ಟು ಮಾಡಿ ಕೂಗಿದರೆ ಒಳಗಿನಿಂದ, "ಇವತ್ ಬ್ಯಾಡ ಬುಡ್ಲಾ" ಅಂದಳು.

"ಯಾಕಕ್ಕ?"

"ಸಾಕಾಗದೆ. ಎಷ್ಟಂತ ಓಗದು, ಎಷ್ಟಂತ ಕಾಯದು."

ಸುಶೀಲ ಅಂಗಳಕ್ಕೆ ಓಡಿ ಬಂದಳು. "ಅಂಗಂದ್ರೆ ಬುಟ್ಬುಡ್ತೀರಾ? ಎತ್ಕಂಡಾದ್ರೂ ಓಗಿ ಗಾಡಿಗ್ ಆಕ್ಕೊಳಿ!" ಅಂದಳು. ಅವಳು ಹೊರಗಿನಿಂದ ಬಂದವಳು, ನಾನು ಒಡಹುಟ್ಟಿದವನು. ನಾನು ಹೇಳಿದ್ದು, "ಅವ್ಳಿಷ್ಟ." ಹೇಳಿದಾಗ ಎದೆಯಲ್ಲಿ ಏನೋ ಹಗುರವಾಯಿತು. ಅದನ್ನು ಬಚ್ಚಿಟ್ಟು ಇದನ್ನೆಲ್ಲ ಬರೆದರೆ ಪ್ರಯೋಜನವಿಲ್ಲ. ಅವತ್ತು ಬೆಲ್ಲದ ಬಾಡಿಗೆ ಒಂದು ಕಾದಿತ್ತು. ಗಾಡಿ ಹೇಗೂ ಸ್ಟಾರ್ಟ್ ಆಗಿತ್ತು, ಹೋದೆ.

ಸುಶೀಲ ಹಟ ಮಾಡಿ ಮತ್ತೊಂದು ಸಲ ಕರೆದುಕೊಂಡು ಹೋದಳು. ಆಮೇಲೆ ಅದೂ ಇಲ್ಲ. ಕಾಲು ಊದಿತು, ಮುಖ ಊದಿತು, ಉಸಿರಿಗೆ ಕಷ್ಟವಾಯಿತು. ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಹಾಗೆ ಕೂತೇ ಹೋದಳು. ಹೊಲದಲ್ಲಿ, ಅಪ್ಪ ಅವ್ವನ ಪಕ್ಕ, ಮಣ್ಣು ಮಾಡಿದೆವು. ಮೈ ತೊಳೆಯುವಾಗ ಸೆರಗಿನ ಗಂಟಿನಲ್ಲಿ ಸಿಕ್ಕಿತು ಅಂತ ಸುಶೀಲ ನನ್ನ ಕೈಗೆ ಒಂದು ಹುಣಸೆಬೀಜ ಕೊಟ್ಟಳು. ಬಿಳಿ ಮಗ್ಗುಲದ್ದು. ಪಾಪ, ಕಣ್ಣು ಕಾಣದೆ ಒಂದನ್ನು ಮರೆತಿದ್ದಾಳೆ ಅಂದುಕೊಂಡು ಜೇಬಿನ ಪರ್ಸಿಗೆ ಹಾಕಿಕೊಂಡೆ.

ಪುಸ್ತಕ ಮಾತ್ರ ನನ್ನ ಗಾಡಿಯಲ್ಲೇ ಉಳಿದಿತ್ತು, ಸೀಟಿನ ಹಿಂದೆ. ಮುಂದಿನ ಸುಗ್ಗಿಯಲ್ಲಿ ಒಂದು ಆಲೆಮನೆಗೆ ಬೆಲ್ಲ ತುಂಬಲು ಹೋಗಿದ್ದೆ. ಪಾಕ ಆಗತಾನೆ ಅಚ್ಚಿಗೆ ಸುರಿದಿದ್ದರು. ಅದು ಆರುವವರೆಗೆ ಕಾಯಬೇಕು. ಮೊಬೈಲಿನಲ್ಲಿ ಚಾರ್ಜು ಇರಲಿಲ್ಲ. ಬೇರೆ ಕೆಲಸವಿಲ್ಲದೆ ಪುಸ್ತಕ ತೆಗೆದೆ. ಟಿಕೀಟು ಇದ್ದಲ್ಲೇ ಇತ್ತು. ಅಲ್ಲಿಂದ ಓದಿದೆ.

ದೋಣಿ ಮುಳುಗಿರಲಿಲ್ಲ.

ಅಂಥ ಸಮುದ್ರವನ್ನು ಆ ಸಣ್ಣ ದೋಣಿ ದಾಟಿತು. ಯಜಮಾನ ಜನರಿರುವ ಜಾಗ ತಲುಪಿ, ಹಡಗು ಬೇಡಿ ತಂದು ವಾಪಸು ಹೊರಟ. ಮಂಜು ಅಡ್ಡಗಟ್ಟಿತು, ಹಿಂದಿರುಗಿದ. ಬೇರೆ ಹಡಗು ಬೇಡಿದ, ಮತ್ತೆ ಹೊರಟ, ಮತ್ತೆ ಹಿಂದಿರುಗಿದ. ಆದರೂ ಬಿಡಲಿಲ್ಲ. ಈ ಕಡೆ ದ್ವೀಪದಲ್ಲಿ ಉಳಿದವರು ಬೋರಲು ದೋಣಿಯ ಕೆಳಗೆ, ಇವತ್ತು ಬಂದರೂ ಬರಬಹುದು ಅಂತ ದಿನಾ ಬೆಳಿಗ್ಗೆ ಹಾಸಿಗೆ ಸುತ್ತಿಟ್ಟುಕೊಂಡು ಕಾಯುತ್ತಿದ್ದರು. ಕಡೆಗೊಂದು ದಿನ ಹಡಗು ಬಂತು. ಅವನು ಬಿಟ್ಟು ಹೋದವರಲ್ಲಿ ಒಬ್ಬರೂ ಸತ್ತಿರಲಿಲ್ಲ.

ಆಲೆಮನೆಯವನು ಬಂದು, "ಅಚ್ಚು ಆರ್ತು, ಗಾಡಿ ಹಿಂದಕ್ ತಗಳ್ಲಾ" ಅಂದ.  ಬಾಯಲ್ಲಿ ಹುರಿದ ಬೀಜದ ವಾಸನೆ ಬಂತು. ಬದುಕಿದ್ದವರನ್ನು ನಾನು ತಿಂದಿದ್ದೆ.

ಯಾರಿಗಾದರೂ ಹೇಳಬೇಕಿತ್ತು. ಆ ಕತೆ ಗೊತ್ತಿದ್ದವರು ಲೋಕದಲ್ಲಿ ಇನ್ನೊಬ್ಬರೇ. ಅವರ ಪಾಳಿಯ ದಿನ ನೋಡಿಕೊಂಡು ಪುಸ್ತಕ ಹಿಡಿದು ಪಾಂಡವಪುರಕ್ಕೆ ಹೋದೆ. ನರಸೇಗೌಡರು ಅದೇ ಮಂಚದಲ್ಲಿ ಇದ್ದರು. ಮೈ ಇಳಿದಿತ್ತು. ಅಕ್ಕನ ಮಂಚದಲ್ಲಿ ಯಾರೋ ಹೊಸಬರು ಮುಸುಕು ಹಾಕಿ ಮಲಗಿದ್ದರು.

"ಗೌಡ್ರೇ, ಆ ಮಂಜಲ್ಲಿ ಸಿಕ್ಕಾಕಂ­ಡಿದ್ರಲ್ಲ..."

"ಊಂ."

"ಅವ್ರು ಸತ್ತಿರ್ನಿಲ್ಲ. ಎಲ್ರೂ ಬದುಕುದ್ರು. ನಾನವತ್ತು ಸುಳ್ ಹೇಳ್ದೆ."

ಗೌಡರು ನನ್ನನ್ನು ನೋಡಿದರು. ಆಶ್ಚರ್ಯವೇ ಇಲ್ಲ ಆ ಮುಖದಲ್ಲಿ.

"ನಂಗೊತ್ತು ಕಣ್ಲಾ. ನಿಮ್ಮಕ್ಕಂಗೂ ಗೊತ್ತಿತ್ತು."

"ಎಂಗ್ ಗೊತ್ತಾಯ್ತು?" ಅಂದೆ.

"ನೀನ್ ಅತ್ಲಾಗ್ ಓದೇಟ್ಗೆ ಪುಸ್ತಕ ಕೈಗ್ ತಕ್ಕಂಡು ತಡವುದ್ಲು. ಟಿಕೀಟು ಸಿಕ್ತು. 'ಇನ್ನೂ ಎರಡ್ ಬೆರಳ್ ಐತೆ ಕನಣ್ಣ. ಎಲ್ರೂ ಸತ್ಮೇಲೆ ಇನ್ನೆರಡ್ ಬೆರಳು ಏನ್ ಬರ್ದಾರು? ನಮ್ ನಿಂಗಂಗೆ ಸಾಕಾಗದೆ, ಪಾಪ' ಅಂದ್ಲು. ನನ್ ಮೊಮ್ಮಗಳ ಕೈಲಿ ಓದುಸ್ಲಾ ಅಂದೆ. 'ಬ್ಯಾಡ ಕನಣ್ಣ, ಅವ್ನೇ ಯಾವತ್ತಾರಾ ಓದ್ತಾನೆ, ಕಾಯ್ತೀನಿ' ಅಂದ್ಲು."

ಎಲ್ರೂವಾ, ಯಜ್ಮಾನ್ನೂವಾ ಅಂತ ಗಾಡಿಯಲ್ಲಿ ಕೇಳಿದ್ದು ನೆನಪಾಯಿತು. ಒಲೆಯ ಮುಂದೆ ಕೂತು ನಾನು ಕಡಿಯುವ ಸದ್ದು ಕೇಳಿಸಿಕೊಂಡಿದ್ದೂ ನೆನಪಾಯಿತು. ಒಂದೊಂದು ಬೀಜ ಕಡಿಯುವಾಗಲೂ, ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಅಂತ ಕಾದಿದ್ದಳೇನೋ. ಜೇಬಿಗೆ ಕೈ ಹಾಕಿದೆ. ಬೀಜ ಪರ್ಸಿನಲ್ಲೇ ಇತ್ತು. ಅದನ್ನು ಗೌಡರ ಹೊದಿಕೆಯ ಮೇಲೆ ಇಟ್ಟೆ. ಅವರು ಮಿಷನ್ನಿಗೆ ಕಟ್ಟಿಲ್ಲದ ಕೈಯಿಂದ ಅದನ್ನು ತೆಗೆದು, ತಿರುಗಿಸಿ, ಬಿಳಿ ಮಗ್ಗುಲು ಮೇಲೆ ಬರುವಂತೆ ಮೊಣಕಾಲಿನ ಹತ್ತಿರ, ದೂರಕ್ಕೆ ಇಟ್ಟರು.

"ಕೂತ್ಕೊ. ಅವ್ನು ದೋಣಿ ಹತ್ತಿದ ಕಡೆಯಿಂದ ಓದು" ಅಂದರು. "ಇವತ್ತೆಲ್ಲೂ ಬೀಗರೂಟ ಇಲ್ವಲ್ಲಾ?"

"ಇಲ್ಲ" ಅಂದೆ.

ಟಿಕೀಟು ತೆಗೆದು ಓದಲು ಶುರುಮಾಡಿದೆ. ಗಾಳಿ, ಅಲೆ, ದಿಕ್ಕು, ಒಂದನ್ನೂ ಹಾರಿಸಲಿಲ್ಲ.